ಬೆಲ್ಲದ ಕ್ಲಬ್ಬಿಗೆ ಗೆರೆ ಎಳೆದವಳು

ಆಟದ ಮೈದಾನದ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ತಮ್ಮ ಪಾದದ ಉದ್ದ ತಿಳಿದುಕೊಳ್ಳಬೇಕು. ಟೇಪು ಕಳೆದುಹೋದೀತು, ಪಾದ ಕಳೆದುಹೋಗುವುದಿಲ್ಲ. ಇದನ್ನು ಕಲಿಯುವುದಕ್ಕೆ ನನಗೆ ಆರು ವರ್ಷ ಬೇಕಾಯಿತು. ಆ ಆರು ವರ್ಷವೂ ಐದು ಜನ ನನ್ನ ತಪ್ಪಿಗೆ ಊರೂರಲ್ಲಿ ನಗೆಪಾಟಲಾದರು. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ನನಗೆ ಈಗಲೂ ಸರಿಯಾಗಿ ಕೂರುವುದಿಲ್ಲ; ಅದನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ನನ್ನ ಹೆಸರು ಕೆಂಪಮ್ಮ. ಚಾಮರಾಜಪೇಟೆಯಲ್ಲಿ ಒಂದು ಬಾಲ್ ಬ್ಯಾಡ್ಮಿಂಟನ್ ಕೋರ್ಟನ್ನು ಇಪ್ಪತ್ತು ವರ್ಷದ ಮೇಲೆ ನೋಡಿಕೊಂಡೆ. ಈಗಿನ ಮಕ್ಕಳು ಆಡುವ ಗರಿಯ ಕಾಕಿನ ಆಟ ಅಲ್ಲ ಇದು. ಹಳದಿ ಉಣ್ಣೆಯ ಚೆಂಡು, ಬಯಲಲ್ಲಿ ಮಣ್ಣಿನ ಕೋರ್ಟು, ಮಧ್ಯೆ ನೆಟ್, ಈ ಕಡೆ ಐದು ಜನ ಆ ಕಡೆ ಐದು ಜನ. ಚೆಂಡು ನಿಮ್ಮ ಕೋರ್ಟಿನೊಳಗೆ ನೆಲಕ್ಕೆ ಬಿದ್ದರೆ ನೀವು ಕೆಟ್ಟಿರಿ. ನೀವು ಹೊಡೆದದ್ದು ಅವರ ಗೆರೆ ದಾಟಿ ಆಚೆ ಬಿದ್ದರೆ ಔಟ್, ಆಗಲೂ ನೀವೇ ಕೆಟ್ಟಿರಿ. ನೆಟ್ಟಿನಿಂದ ಹಿಂದಿನ ಗೆರೆಗೆ ನಲವತ್ತು ಅಡಿ. ಈ ನಲವತ್ತು ಅಡಿ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅದರಲ್ಲೇ ಇದೆ.

ಕೋರ್ಟಿನ ಯಜಮಾನರು ರುದ್ರಪ್ಪನವರು. ತರಗುಪೇಟೆಯಲ್ಲಿ ಬೆಲ್ಲದ ಮಂಡಿ. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ, ಆಟ ನೋಡದೆ ರಾತ್ರಿ ಊಟಕ್ಕೆ ಕೂರುತ್ತಿರಲಿಲ್ಲ. ಬೇರೆ ಕ್ಲಬ್ಬುಗಳಲ್ಲಿ ಕಾಲೇಜು ಓದುವವರು, ಕಚೇರಿಯವರು ಸಂಜೆ ಹೊತ್ತು ಕಳೆಯುವುದಕ್ಕೆ ಆಡುತ್ತಿದ್ದರು. ನಮ್ಮ ಯಜಮಾನರು ಮಾತ್ರ ಐದು ಆಟಗಾರರನ್ನು ಮಂಡಿಯಲ್ಲಿ ಸಂಬಳಕ್ಕೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ತಕ್ಕಡಿ ಹಿಡಿಯಬೇಕು, ಮಧ್ಯಾಹ್ನ ಮೂರಕ್ಕೆ ಬ್ಯಾಟು ಹಿಡಿಯಬೇಕು. ಆಟ ಬಿಟ್ಟವನಿಗೆ ತಕ್ಕಡಿಯೂ ಇಲ್ಲ. ಕ್ಲಬ್ಬಿಗೆ ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರಿತ್ತು. ಊರಿನವರು ಕರೆಯುತ್ತಿದ್ದದ್ದು ಬೆಲ್ಲದ ಕ್ಲಬ್ಬು ಅಂತಲೇ.

ಮೊದಲು ಕೋರ್ಟು ನೋಡಿಕೊಳ್ಳುತ್ತಿದ್ದವನು ನನ್ನ ಗಂಡ. ಯುದ್ಧ ಮುಗಿದ ಮರುವರ್ಷ ಜ್ವರ ಬಂದು ಸತ್ತ. ಕೋರ್ಟಿನ ಮೂಲೆಯಲ್ಲಿದ್ದ ತಗಡಿನ ಶೆಡ್ಡೇ ನಮ್ಮ ಮನೆ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು, ಕಂಕುಳಲ್ಲಿ ಮಗಳಿದ್ದಳು. ತಿಥಿ ಮುಗಿಸಿ ಮೂರನೆಯ ದಿನ ಪೊರಕೆ ಹಿಡಿದು ಯಜಮಾನರ ಮುಂದೆ ನಿಂತೆ.

"ಗಂಡಾಳು ಯಾರನ್ನಾದ್ರೂ ನೋಡ್ತೀನಿ ಬಿಡು ಕೆಂಪಮ್ಮ," ಅಂದರು. "ಹೆಂಗಸು ಕೋರ್ಟಿಗೆ ಗೆರೆ ಎಳೆಯೋದಾ? ಜನ ನಗಲ್ವಾ?"

"ದಿನಾ ಬೆಳಿಗ್ಗೆ ಬಾಗ್ಲು ಮುಂದೆ ಗೆರೆ ಎಳೆಯೋರು ಯಾರು ಬುದ್ಧಿ? ನಿಮ್ಮನೇಲಿ ಗಂಡಸ್ರಾ?"

ಯಜಮಾನರು ನನ್ನ ಕೈಯಲ್ಲಿದ್ದ ಪೊರಕೆ ನೋಡಿದರು. ಆಮೇಲೆ, "ನಾಳೆ ಎಳಿ, ನೋಡೋಣ," ಅಂದರು.

ಎಳೆದೆ. ಮೊದಲ ದಿನವೇ ಕೆಟ್ಟೆ. ನನ್ನ ಗಂಡ ಸುಣ್ಣವನ್ನು ನಾಲ್ಕು ದಿನ ಮೊದಲೇ ನೀರಿಗೆ ಹಾಕಿ, ಆರಿಸಿ, ಸೋಸಿ ಇಟ್ಟುಕೊಳ್ಳುತ್ತಿದ್ದ. ನನಗೆ ಅವಸರ. ಬೆಳಿಗ್ಗೆ ಸುಟ್ಟ ಸುಣ್ಣ ತಂದು, ನೀರು ಹಾಕಿ, ಅದು ಕುದ್ದು ಮುಗಿಯುವ ಮೊದಲೇ ತೂತಿನ ಡಬ್ಬಿಯಲ್ಲಿ ತುಂಬಿ ಎಳೆದುಬಿಟ್ಟೆ. ಆಗ ಎಲ್ಲರೂ ಬರಿಗಾಲಲ್ಲಿ ಆಡುತ್ತಿದ್ದರು. ಒಂದು ಗೇಮು ಆಗುವುದರೊಳಗೆ ಐದು ಜನವೂ ಕೊಕ್ಕರೆ ಹಾಗೆ ಒಂಟಿ ಕಾಲಲ್ಲಿ ಕುಣಿಯುತ್ತಿದ್ದರು. ಹತ್ತು ಕಾಲನ್ನೂ ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಇಳಿಬಿಟ್ಟುಕೊಂಡು ಕೂತರು.

"ಕೆಂಪಕ್ಕ, ಗೆರೆ ಎಳಿ ಅಂದ್ರೆ ಬರೆ ಎಳೆದ್ಯಲ್ಲಮ್ಮ," ಅಂದ ಮುನಿಸ್ವಾಮಿ. ಅವನು ನೆಟ್ಟಿನ ಹತ್ತಿರ ಆಡುವವನು, ಗಿಡ್ಡ, ಬಾಯಿ ಜೋರು. ಕ್ಯಾಪ್ಟನ್ ಶೀನಣ್ಣ ನಗಲಿಲ್ಲ. ಶ್ರೀರಾಂಪುರದ ಮಿಲ್ಲು ಕೂಲಿಯವರ ಮನೆಯವನು ಅವನು. ಎತ್ತರದ ಆಳು, ಮಾತು ಕಡಿಮೆ. ಕಾಲು ಒರೆಸಿಕೊಂಡು ನನ್ನ ಹತ್ತಿರ ಬಂದು, "ಸುಣ್ಣಕ್ಕೆ ನಾಲ್ಕು ದಿನ ಬೇಕು ಕಣಕ್ಕ. ನಿಮ್ಮನೆಯೋರು ಹಂಗೇ ಮಾಡ್ತಿದ್ರು," ಅಂದ. ಅಷ್ಟೇ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ.

ಆಮೇಲೆ ಕೆಲಸ ಕಲಿತೆ. ಕೆಮ್ಮಣ್ಣು ಜರಡಿ ಹಿಡಿಯುವುದು, ಸಗಣಿ ನೀರು ಎಷ್ಟು ಹಾಕಿದರೆ ಧೂಳು ಕೂರುತ್ತದೆ, ಎಷ್ಟಾದರೆ ಜಾರುತ್ತದೆ, ಕಲ್ಲಿನ ರೋಲರನ್ನು ಯಾವ ಹದದಲ್ಲಿ ಉರುಳಿಸಬೇಕು, ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಬರುವುದಿಲ್ಲ. ಮುಷ್ಟಿಯಲ್ಲಿ ಮಣ್ಣು ಹಿಡಿದು ಬಿಟ್ಟಾಗ ಅದು ಎರಡು ತುಂಡಾಗಿ ಒಡೆಯಬೇಕು. ಪುಡಿಯಾದರೆ ಒಣಗಿದೆ, ಒಡೆಯದಿದ್ದರೆ ನೀರು ಹೆಚ್ಚು. ಇಷ್ಟು ಬರೆದಿಡುತ್ತೇನೆ, ಉಳಿದದ್ದು ನಿಮ್ಮ ಕೈಗೆ ಬಿಟ್ಟದ್ದು.

ಹಗ್ಗದ ವಿಷಯಕ್ಕೆ ಬರುತ್ತೇನೆ.

ಗಂಡ ಇಟ್ಟಿದ್ದ ಬಟ್ಟೆಯ ಟೇಪನ್ನು ಗೆದ್ದಲು ತಿಂದಿತ್ತು. ಮಳೆಗಾಲಕ್ಕೆ ಕೋರ್ಟು ಕಿತ್ತು ಹೋಗಿತ್ತು, ದಸರಾಕ್ಕೆ ಹೊಸದಾಗಿ ಅಳೆದು ಹಾಕಬೇಕಿತ್ತು. ಯಜಮಾನರಿಗೆ ಪರಿಚಯದ ಸರ್ವೆ ಗುಮಾಸ್ತರೊಬ್ಬರು ಕಬ್ಬಿಣದ ಸರಪಳಿ ತಂದು ಅಳೆದುಕೊಡುತ್ತೇನೆ ಅಂದರು. ಅವರು ಬಂದ ದಿನ ಜಡಿಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪಂಚೆ ಎತ್ತಿಕೊಂಡು ನಿಂತು, "ಬೇಗ ಬೇಗ ಗುರುತು ಮಾಡ್ಕೊಳಮ್ಮ, ನಂಗೆ ಶೀತ ಆಗತ್ತೆ," ಅಂದರು. ನಾನು ಒಂದು ಹೊಸ ನೂಲಿನ ಹಗ್ಗ ತಂದಿದ್ದೆ. ಅದನ್ನು ಸರಪಳಿಯ ಪಕ್ಕ ನೀರಿನಲ್ಲೇ ಹಾಸಿ, ನಲವತ್ತು ಅಡಿಗೆ ಒಂದು ಗಂಟು, ನಡುಗೆರೆಗೆ ಒಂದು ಗಂಟು, ಅಂಚಿಗೆ ಒಂದು ಗಂಟು ಹಾಕಿದೆ. ಗುಮಾಸ್ತರು ಎರಡು ಸಲ ಎಣಿಸಿ ಸರಿ ಅಂದರು. ಸರಿಯಾಗೇ ಇತ್ತು. ಆ ದಿನಕ್ಕೆ ಸರಿಯಾಗೇ ಇತ್ತು.

ನಾಲ್ಕು ದಿನಕ್ಕೆ ಆಯುಧಪೂಜೆ. ಯಜಮಾನರು ಬ್ಯಾಟು, ನೆಟ್ಟು, ರೋಲರು ಎಲ್ಲಕ್ಕೂ ವಿಭೂತಿ ಹಚ್ಚಿದರು. ಹಗ್ಗಕ್ಕೂ ಹಚ್ಚಿ, ಕೈ ಮುಗಿದು, ನನಗೆ ಹೇಳಿದರು: "ಕೋರ್ಟಿಗೆ ಇದೇ ಆಯ, ಇದೇ ಅಳತೆ. ಇನ್ಮೇಲೆ ಇದಕ್ಕೆ ನೀರು ಸೋಕಿಸ್ಬೇಡ, ನೆಲದಲ್ಲಿ ಬಿಸಾಕ್ಬೇಡ. ಗೂಡಲ್ಲಿಡು." ಶೆಡ್ಡಿನ ಗೋಡೆಗೂಡಿನಲ್ಲಿ, ಒಲೆಯ ಮೇಲ್ಗಡೆ ಇಟ್ಟೆ. ವರ್ಷವರ್ಷ ಪೂಜೆ ಮಾಡಿದೆವು. ಆರು ವರ್ಷ ಆ ಹಗ್ಗ ಒಂದು ಹನಿ ನೀರು ಕಾಣಲಿಲ್ಲ. ಬಟ್ಟೆ ಒಗೆಯುವ ಯಾವ ಹೆಂಗಸಿಗಾದರೂ ಗೊತ್ತು, ನೂಲು ನೆಂದರೆ ಕುಗ್ಗುತ್ತದೆ, ಒಣಗಿದರೆ ಸಡಿಲವಾಗಿ ಉದ್ದವಾಗುತ್ತದೆ. ನನಗೂ ಗೊತ್ತಿತ್ತು. ಆದರೆ ಪೂಜೆಯಾದ ವಸ್ತುವನ್ನು ಯಾರೂ ಬಟ್ಟೆ ಒಗೆಯುವ ಕಣ್ಣಿನಿಂದ ನೋಡುವುದಿಲ್ಲ.

ಆ ಆರು ವರ್ಷದ ಕ್ಲಬ್ಬಿನ ಚರಿತ್ರೆಯನ್ನು ಒಂದೇ ಮಾತಲ್ಲಿ ಹೇಳಬಹುದು. ಚಾಮರಾಜಪೇಟೆಯಲ್ಲಿ ಗೆಲ್ಲುತ್ತಿದ್ದೆವು, ಹೊರಗೆ ಸೋಲುತ್ತಿದ್ದೆವು. ನಮ್ಮ ಕೋರ್ಟಿಗೆ ಬಂದವರು ಹಿಂದಿನ ಗೆರೆಗೆ ಅಂತ ಹೊಡೆದ ಚೆಂಡು ಒಂದು ಗೇಣು ಮೊದಲೇ ಶೀನಣ್ಣನ ಕೈಗೆ ಬರುತ್ತಿತ್ತು. ನಾವು ಮಲ್ಲೇಶ್ವರಕ್ಕೋ ಬಸವನಗುಡಿಗೋ ಹೋದರೆ ಶೀನಣ್ಣ ಗೆರೆಗೆ ಇಟ್ಟ ಚೆಂಡು ಗೆರೆಯಿಂದ ಒಂದು ಗೇಣು ಆಚೆ. ಔಟ್. ಮತ್ತೆ ಔಟ್. ಶೀನಣ್ಣನ ಹಾಗೆ ನಮ್ಮ ಹಿಂದಿನ ಗೆರೆಯಿಂದ ಅವರ ಹಿಂದಿನ ಗೆರೆಗೆ ನೇರ ಹೊಡೆಯುವವರು ಇಡೀ ಬೆಂಗಳೂರಲ್ಲಿ ಇರಲಿಲ್ಲ. ರಾಜ್ಯದ ಟೀಮಿಗೆ ಆಟಗಾರರನ್ನು ಆರಿಸುವಾಗ ಅವನನ್ನು ಎರಡು ಸಲ ಕರೆದರು, ಎರಡು ಸಲವೂ ಬಿಟ್ಟರು. "ಮನೇಲಿ ಹುಲಿ, ಹೊರಗೆ ಇಲಿ," ಅಂದರಂತೆ. ಜನ ಬೇಲಿಯಾಚೆ ನಿಂತು, "ಕರಗ್ತು! ಬೆಲ್ಲ ಕರಗ್ತು!" ಅಂತ ಕೂಗುತ್ತಿದ್ದರು.

ಯಜಮಾನರು ಕೈ ಕಟ್ಟಿ ಕೂರುವ ಜನ ಅಲ್ಲ. ಪ್ರತಿ ಸೋಲಿಗೂ ಒಂದು ಔಷಧಿ ಹುಡುಕುತ್ತಿದ್ದರು. ಒಂದು ವರ್ಷ, ಆಡುವಾಗ ಬಾಯಲ್ಲಿ ಅಚ್ಚುಬೆಲ್ಲದ ತುಂಡು ಇಟ್ಟುಕೊಂಡೇ ಇರಬೇಕು ಅಂದರು. ಮುನಿಸ್ವಾಮಿ ಪಾಯಿಂಟು ಕೂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡ, ಬೆನ್ನಿಗೆ ಗುದ್ದಿ ಉಗುಳಿಸಬೇಕಾಯಿತು. ಇನ್ನೊಂದು ವರ್ಷ ಜ್ಯೋತಿಷಿ ಹೇಳಿದ ಅಂತ ಪಡುವಣ ಗೋಡೆ ಒಡೆದು ಬಾಗಿಲು ಇಟ್ಟರು. ಆ ಬಾಗಿಲಿಂದ ಅದೃಷ್ಟ ಬರಲಿಲ್ಲ, ಬೀದಿ ದನ ಬಂದವು. ನನ್ನ ಕೋರ್ಟಿನ ತುಂಬ ಗೊರಸು.

ಎಲ್ಲಕ್ಕಿಂತ ದೊಡ್ಡದು ಹಳದಿ ಅಂಗಿ. ಮಂಗಳಕರ ಅಂತ ಐದು ಅಂಗಿಯನ್ನೂ ಅರಿಶಿನದಲ್ಲಿ ಅದ್ದಿಸಿದರು. ಅದ್ದಿದವಳು ನಾನೇ. ಬಸವನಗುಡಿಯಲ್ಲಿ ಆಟ ಶುರುವಾದ ಐದು ನಿಮಿಷಕ್ಕೆ ಎದುರಿನವರು ಜಗಳ ತೆಗೆದರು. ಚೆಂಡೂ ಹಳದಿ, ಅಂಗಿಯೂ ಹಳದಿ, ಚೆಂಡು ಎಲ್ಲಿಂದ ಬರುತ್ತದೆ ಅಂತ ಕಾಣುವುದಿಲ್ಲ ಅಂತ. ಅಂಪೈರು ಅಂಗಿ ಬಿಚ್ಚಿ ಅಂದ. ಬಿಚ್ಚಿದರೆ ಒಳಗೆ ಬೆವರಿಗೆ ಬಣ್ಣ ಇಳಿದು ಮೈಯೂ ಹಳದಿ. "ನಮ್ ಚರ್ಮಾನೂ ಬಿಚ್ಚಿಸ್ತೀರಾ ಸಾರ್?" ಅಂತ ಮುನಿಸ್ವಾಮಿ ಕೇಳಿದನಂತೆ. ಅವತ್ತೂ ಸೋತರು.

ಆರನೆಯ ವರ್ಷ ಯಜಮಾನರಿಗೆ ಹೊಳೆದದ್ದು ಮಣ್ಣು. ನಮ್ಮ ಮಣ್ಣಿನಲ್ಲಿ ಗೆಲ್ಲುತ್ತೇವೆ ಅಂದಮೇಲೆ ಮಣ್ಣನ್ನೇ ತೆಗೆದುಕೊಂಡು ಹೋಗೋಣ ಅಂದರು. ಮಲ್ಲೇಶ್ವರದ ಕ್ಲಬ್ಬಿನ ಜೊತೆ ಒಂದು ಸಾಧಾರಣ ಪಂದ್ಯ ಇತ್ತು. ಎರಡು ಬೆಲ್ಲದ ಚೀಲದಲ್ಲಿ ನಮ್ಮ ಕೋರ್ಟಿನ ಮಣ್ಣು ತುಂಬಿ, ಜಟಕಾದಲ್ಲಿ ಹೇರಿ, ಅದರ ಮೇಲೆ ನನ್ನನ್ನು ಕೂರಿಸಿದರು. ಅಲ್ಲಿಯವರೆಗೆ ನಾನು ಬೇರೆ ಕೋರ್ಟು ನೋಡಿದವಳೇ ಅಲ್ಲ. ಹೆಂಗಸರು ಪಂದ್ಯಕ್ಕೆ ಹೋಗುತ್ತಿರಲಿಲ್ಲ.

ಮಲ್ಲೇಶ್ವರದ ಕೋರ್ಟಿನವರು ಒಳ್ಳೆಯವರು. ನಕ್ಕರು, ಆದರೆ ಬೇಡ ಅನ್ನಲಿಲ್ಲ. ನಾಲ್ಕು ಮೂಲೆಗೂ ಮಣ್ಣು ಸಮನಾಗಿ ಬೀಳಬೇಕು ಅಂತ ನಾನು ನೆಟ್ಟಿನಿಂದ ಹಿಂದಿನ ಗೆರೆಗೆ ಹಿಮ್ಮಡಿಗೆ ಬೆರಳು ಕೂಡಿಸಿ ಪಾದ ಇಟ್ಟುಕೊಂಡು ನಡೆದೆ. ನಮ್ಮಲ್ಲಿ ದಿನಾ ಹಾಗೇ ನಡೆದು ಮಣ್ಣು ಹಾಕುತ್ತಿದ್ದೆ. ನಮ್ಮಲ್ಲಿ ಐವತ್ತೈದು ಪಾದ. ಇಲ್ಲಿ ಐವತ್ತಮೂರೂವರೆಗೆ ಗೆರೆ ಬಂದುಬಿಟ್ಟಿತು. ತಿರುಗಿ ನಡೆದೆ. ಐವತ್ತಮೂರೂವರೆ. ನೆಟ್ಟಿನ ಆ ಕಡೆಯೂ ಐವತ್ತಮೂರೂವರೆ.

'ಕಳ್ಳರು' ಅಂದುಕೊಂಡೆ. ಕೋರ್ಟು ಚಿಕ್ಕದು ಮಾಡಿ ನಮ್ಮವರನ್ನು ಸೋಲಿಸುತ್ತಿದ್ದಾರೆ. ಬಾಯಿ ಬಿಡಬೇಕು ಅನ್ನುವಷ್ಟರಲ್ಲಿ ಆಟ ಶುರುವಾಯಿತು. ಅವತ್ತು ಮೊದಲ ಸಲ ಕಣ್ಣಾರೆ ನೋಡಿದೆ. ಶೀನಣ್ಣ ಎತ್ತಿ ಹೊಡೆದ ಚೆಂಡು ಪ್ರತಿಸಲವೂ ಗೆರೆ ದಾಟಿ ಒಂದು ಪಾದ, ಒಂದೂವರೆ ಪಾದ ಆಚೆ ಬೀಳುತ್ತಿತ್ತು. ನಮ್ಮ ಕೋರ್ಟಿನಲ್ಲಾದರೆ ಅದು ಗೆರೆಯ ಮೇಲೇ.

ಸೋತ ಮೇಲೆ ಯಜಮಾನರು ಎಲ್ಲರ ಮುಂದೆ ಹೇಳಿದರು: "ಇನ್ನು ನಂಗೆ ಸಾಕಾಯ್ತು. ಬರೋ ತಿಂಗಳು ಇಲ್ಲೇ ಟೂರ್ನಮೆಂಟ್ ಇದೆ. ಅದ್ರಲ್ಲೂ ಸೋತ್ರೆ ನೆಟ್ ಬಿಚ್ಚಿ ಮಡಗಿ. ಆ ಜಾಗ್ದಲ್ಲಿ ಬೆಲ್ಲದ ಗೋಡೌನ್ ಕಟ್ಟಿಸ್ತೀನಿ. ನಿಮ್ಮ ದಾರಿ ನೀವು ನೋಡ್ಕೊಳಿ." ಐದು ಜನರ ಕೆಲಸ, ನನ್ನ ಕೆಲಸ, ನನ್ನ ಶೆಡ್ಡು, ಎಲ್ಲಾ ಒಂದು ತಿಂಗಳ ಮೇಲೆ ನಿಂತಿತ್ತು.

ಭಾನುವಾರ ಮಗಳನ್ನು ಕರೆದುಕೊಂಡು ದೊಡ್ಡ ಬಸವಣ್ಣನಿಗೆ ಕೈ ಮುಗಿದು ಬರುತ್ತೇನೆ ಅಂತ ಹೋಗಿ, ಬಸವನಗುಡಿಯ ಕೋರ್ಟಿಗೆ ನುಗ್ಗಿದೆ. ಅಲ್ಲಿ ಯಾರೂ ಇರಲಿಲ್ಲ. ಪಾದ ಇಟ್ಟೆ. ಐವತ್ತಮೂರೂವರೆ. ಇಬ್ಬರೂ ಕಳ್ಳರಾಗಿರಬಹುದು, ಆದರೆ ಇಬ್ಬರು ಕಳ್ಳರು ಒಂದೇ ಅಳತೆ ಕದಿಯುವುದಿಲ್ಲ. ಅಲ್ಲೇ ಗೆರೆಯ ಮೇಲೆ ಕೂತುಬಿಟ್ಟೆ. "ಯಾಕವ್ವ, ಕಾಲು ನೋವಾ?" ಅಂತ ಮಗಳು ಕೇಳಿದಳು. ಕಾಲು ನೋವಲ್ಲ. ಜಡಿಮಳೆ, ಗುಮಾಸ್ತರ ಕೊಡೆ, ನೀರಲ್ಲಿ ಬಿದ್ದಿದ್ದ ಹಗ್ಗ, ಎಲ್ಲಾ ಕಣ್ಣ ಮುಂದೆ ಬಂತು.

ಮನೆಗೆ ಬಂದು ಗೂಡಿನಿಂದ ಹಗ್ಗ ತೆಗೆದೆ. ವಿಭೂತಿ ಹಾಗೇ ಇತ್ತು. ಕೋರ್ಟಿನ ಸುತ್ತುಗೋಡೆಯ ಉದ್ದಕ್ಕೂ ಎಳೆದು, ತುದಿಗೊಂದು, ನಲವತ್ತು ಅಡಿಯ ಗಂಟಿಗೊಂದು ಮೊಳೆ ಹೊಡೆದೆ. ಬಾನಿಯಲ್ಲಿ ಅದ್ದಿದೆ. ಒಂದು ಗಂಟೆ ಬಿಟ್ಟು ತೆಗೆದು ಮತ್ತೆ ಎಳೆದೆ. ಗಂಟು ಮೊಳೆಗೆ ಮುಟ್ಟಲಿಲ್ಲ. ಎಷ್ಟು ಜಗ್ಗಿದರೂ ಒಂದು ಗೇಣು ನಾಲ್ಕು ಬೆರಳು ಹಿಂದೆಯೇ ನಿಂತಿತು. ನೆಂದಾಗ ನಲವತ್ತು ಅಡಿ ಇದ್ದದ್ದು ಒಣಗಿ ಅಷ್ಟು ಉದ್ದವಾಗಿತ್ತು. ಆರು ವರ್ಷದ ಸೋಲು ಅಲ್ಲಿತ್ತು. ಅಳಲಿಲ್ಲ. ಅಳುವ ಹೊತ್ತಲ್ಲ ಅದು.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಮೊದಲನೆಯದು ತಿಳಿಯದೆ ಮಾಡಿದ್ದು, ಇದು ತಿಳಿದೇ ಮಾಡಿದ್ದು. ಯಾರಿಗೂ ಹೇಳದೆ ಸರಿ ಮಾಡಿಬಿಡೋಣ ಅಂದುಕೊಂಡೆ. ಮರುದಿನ ಬೆಳಗಾಗುತ್ತಲೇ ಎದ್ದು ಹಳೆ ಗೆರೆ ಕೆರೆದು, ಐವತ್ತಮೂರೂವರೆ ಪಾದಕ್ಕೆ ಹೊಸ ಗೆರೆ ಎಳೆದು, ಮೇಲೆ ಮಣ್ಣು ಸಾರಿಸಿದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಗೇಣು ಯಾರಿಗೆ ಕಾಣುತ್ತದೆ?

ಸಂಜೆ ಶೀನಣ್ಣ ಹೊಡೆದದ್ದೆಲ್ಲ ಔಟ್. ನಮ್ಮ ಕೋರ್ಟಿನಲ್ಲೇ ಔಟ್. ಮೊದಲ ದಿನ ಗಾಳಿ ಅಂದ. ಎರಡನೇ ದಿನ ಬ್ಯಾಟಿಗೆ ಹೆಣೆದ ನರ ಬಿಗಿಯಾಯಿತು ಅಂದ. ಮೂರನೇ ದಿನ ಆಟ ನಿಲ್ಲಿಸಿ, ಬ್ಯಾಟನ್ನು ಮುನಿಸ್ವಾಮಿ ಕೈಗೆ ಕೊಟ್ಟ.

"ಇದ್ನ ನೀನಿಟ್ಕೋ. ನನ್ ಕೈ ಹೋಯ್ತು ಕಣೋ."

"ಏನ್ ಗುರುವೇ, ಮೂರು ದಿನಕ್ಕೆ ಕೈ ಹೋಗತ್ತಾ? ಹೋಗಿ ಮಲ್ಕೋ, ನಾಳೆ ಬರತ್ತೆ."

"ಹೊರಗೆ ಹೋದಾಗ ಹೆದರ್ತೀನಿ ಅಂದ್ರು, ಒಪ್ಕೊಂಡೆ. ಈಗ ಇಲ್ಲೂ ಹೆದರ್ತಿದೀನಾ? ಮಿಲ್ಲಲ್ಲಿ ಮಾವ ಇದಾನೆ, ಅಲ್ಲೇ ಸೇರ್ಕೋತೀನಿ. ಯಜಮಾನ್ರಿಗೆ ನೀನೇ ಹೇಳ್ಬಿಡು."

ಅವನು ಪಡುವಣ ಬಾಗಿಲ ಕಡೆ ನಡೆದ. ನಾನು ನೀರಿನ ಕೊಡ ಹಿಡಿದುಕೊಂಡು ನಿಂತಿದ್ದೆ. ಸುಮ್ಮನಿದ್ದರೆ ನನ್ನ ತಪ್ಪು ನನ್ನ ಜೊತೆಯೇ ಮಣ್ಣಾಗುತ್ತಿತ್ತು. ಅವನ ಕೈಯೂ ಮಣ್ಣಾಗುತ್ತಿತ್ತು. ಕೊಡ ಕೆಳಗಿಟ್ಟೆ.

"ನಿಂತ್ಕೊಳಪ್ಪ ಶೀನ. ನಿನ್ ಕೈ ಹೋಗಿಲ್ಲ. ಗೆರೆ ನಾನು ಒಳಕ್ಕೆ ತಂದಿದೀನಿ."

ಎಲ್ಲವನ್ನೂ ಹೇಳಿದೆ. ಹಗ್ಗ, ಮಳೆ, ಪಾದದ ಲೆಕ್ಕ. ಹೇಳುವುದಕ್ಕೆ ಎಲೆ ಅಡಿಕೆ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ. ಐದು ಜನವೂ ಸುತ್ತ ನಿಂತಿದ್ದರು. ಶೀನಣ್ಣ ನೆಟ್ಟಿನ ಹತ್ತಿರ ಹೋಗಿ, ತಾನೇ ಪಾದ ಇಟ್ಟುಕೊಂಡು ಹೊಸ ಗೆರೆಗೆ ನಡೆದ. ಆಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆರೆದು ಸಾರಿಸಿದ್ದ ಹಳೆ ಗೆರೆಯ ಜಾಗ ನೋಡಿದ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬೆರಳಿಂದ ಮಣ್ಣು ಕೆದಕಿದ. ಕೆಳಗಿಂದ ಸುಣ್ಣ ಬಂತು.

"ಎರಡು ಸಲ ಕರೆದಿದ್ರು ಕೆಂಪಕ್ಕ, ನನ್ನ," ಅಂದ.

"ಗೊತ್ತು ಕಣಪ್ಪ."

"ಇನ್ನು ಕರೆಯಲ್ಲ. ವಯಸ್ಸಾಯ್ತು."

"ಅದೂ ಗೊತ್ತು. ಬೈಯೋದಿದ್ರೆ ಬೈದ್ಬಿಡು."

ಬೈಯಲಿಲ್ಲ. ಎದ್ದವನು ಮುನಿಸ್ವಾಮಿ ಕೈಯಿಂದ ಬ್ಯಾಟು ಕಿತ್ತುಕೊಂಡ. "ಎಷ್ಟು ದಿನ ಇದೆ ಟೂರ್ನಮೆಂಟಿಗೆ?" ಅಂತ ಕೇಳಿದ.

ಯಜಮಾನರಿಗೆ ಹೇಳುವುದು ಬಾಕಿ ಇತ್ತು. ಅವರು ನಂಬಲಿಲ್ಲ. "ಪೂಜೆ ಮಾಡಿದ ಹಗ್ಗ ಅದು. ಹಗ್ಗ ಹೆಂಗೆ ಕುಗ್ಗತ್ತೆ? ಹಾವಾ ಅದು? ದಿಕ್ಕಿನ ದೋಷ ಇರ್ಬೇಕು, ಇನ್ನೊಂದು ಬಾಗ್ಲು..." ಅಂದರು.

"ಇನ್ನೊಂದು ಬಾಗ್ಲು ಇಟ್ರೆ ಇನ್ನೊಂದಷ್ಟು ದನ ಬರ್ತವೆ ಬುದ್ಧಿ. ಬನ್ನಿ ಇಲ್ಲಿ," ಅಂತ ಕರೆದುಕೊಂಡು ಹೋಗಿ ಗೋಡೆಯ ಮೊಳೆ ತೋರಿಸಿದೆ. ಅವರ ಕೈಯಲ್ಲೇ ಹಗ್ಗ ಅದ್ದಿಸಿದೆ. ಒಂದು ಗಂಟೆ ಬಾನಿಯ ಪಕ್ಕ ಮೋಡದ ಹಾಗೆ ಮುಖ ಮಾಡಿಕೊಂಡು ಕೂತಿದ್ದರು. ಅವರೇ ಎತ್ತಿ ಎಳೆದರು. ಗಂಟು ಮೊಳೆಗೆ ಮುಟ್ಟಲಿಲ್ಲ. ಇನ್ನೂ ಜೋರಾಗಿ ಎಳೆದರು. ಪೇಟ ಜಾರಿ ಬಾನಿಗೆ ಬಿತ್ತು.

ನಾನು ಕೆಲಸ ಹೋಯಿತು ಅಂದುಕೊಂಡೇ ನಿಂತಿದ್ದೆ. ಅವರು ಕೇಳಿದ್ದು ಬೇರೆ. "ಹಂಗಾದ್ರೆ ಆ ಕಪ್ಪು?"

ಕ್ಲಬ್ಬಿಗೆ ಇದ್ದದ್ದು ಒಂದೇ ಕಪ್ಪು. ಮೂರು ವರ್ಷದ ಹಿಂದೆ ನಮ್ಮ ಕೋರ್ಟಿನಲ್ಲಿ ನಡೆದ ಪಂದ್ಯದಲ್ಲಿ ಮಲ್ಲೇಶ್ವರದವರನ್ನು ಸೋಲಿಸಿ ಗೆದ್ದದ್ದು. ಮಂಡಿಯಲ್ಲಿ ಬಸವಣ್ಣನ ಪಟದ ಕೆಳಗೆ ಇಟ್ಟು ದಿನಾ ಹೂ ಮುಡಿಸುತ್ತಿದ್ದರು.

"ಅದೂ ಉದ್ದದ ಕೋರ್ಟಲ್ಲಿ ಗೆದ್ದಿದ್ದೇ ಬುದ್ಧಿ," ಅಂದೆ. ಇನ್ನೇನು ಹೇಳಲಿ?

ಯಜಮಾನರು ಒದ್ದೆ ಪೇಟ ಹಿಂಡಿಕೊಂಡು ಹೊರಟುಹೋದರು. ಗೋಡೌನಿನ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಆಮೇಲೆ ಮೂರು ವಾರ ಇತ್ತು. ಯಜಮಾನರು ಅದೇ ಗುಮಾಸ್ತರಿಂದ ಕಬ್ಬಿಣದ ಸರಪಳಿ ತರಿಸಿದರು. ಬಿಸಿಲಲ್ಲಿ ಅಳೆದು ನಾಲ್ಕು ಮೂಲೆಗೂ ಕಲ್ಲು ಹೂಳಿದೆ. ಆ ಕಲ್ಲು ನಾನು ಕೆಲಸ ಬಿಡುವವರೆಗೂ ಅಲುಗಲಿಲ್ಲ. ಬೆಳಿಗ್ಗೆ ಮಂಡಿಗೆ ಹೋಗುವ ಮೊದಲು ಶೀನಣ್ಣ ಒಬ್ಬನೇ ಬರುತ್ತಿದ್ದ. ನಾನು ಎದುರಿನ ಗೆರೆಗೆ ಒಂದು ಗೇಣು ಒಳಗೆ ಗೋಣಿತಾಟು ಹಾಸುತ್ತಿದ್ದೆ, ಅವನು ಅದರ ಮೇಲೆ ಚೆಂಡು ಬೀಳಿಸಬೇಕು. ಮೊದಲ ವಾರ ಹತ್ತಕ್ಕೆ ಎರಡೂ ಬೀಳಲಿಲ್ಲ. ಕೈಗೆ ಆರು ವರ್ಷದ ಅಭ್ಯಾಸ. ಅವನು ಹಲ್ಲು ಕಚ್ಚಿಕೊಂಡು ಹೊಡೆಯುವುದು, ನಾನು ಹೆಕ್ಕಿ ಎಸೆಯುವುದು. ಎರಡನೇ ವಾರ ಹತ್ತಕ್ಕೆ ಆರು. ಮೂರನೇ ವಾರ ನಾನು ಗೋಣಿತಾಟನ್ನು ಮಡಿಸಿ ಅರ್ಧ ಮಾಡಿದೆ. "ಕೊಂದ್ಬಿಡ್ತೀಯಾ ಕಣಕ್ಕ," ಅಂದ, ಹೊಡೆದ. ಮುನಿಸ್ವಾಮಿ ದೂರದಲ್ಲಿ ಕೂತು, "ಆರು ವರ್ಷ ಉದ್ದ ಮಾಡಿ ಕೊಂದ್ಲು, ಈಗ ಗಿಡ್ಡ ಮಾಡಿ ಕೊಲ್ತಾಳೆ," ಅಂತಿದ್ದ.

ಟೂರ್ನಮೆಂಟಿನಲ್ಲಿ ಮೊದಲ ಎರಡು ಪಂದ್ಯ ಗೆದ್ದೆವು. ಹೊರಗೆ ಗೆದ್ದದ್ದು ಅದೇ ಮೊದಲು. ಬೇಲಿಯಾಚೆ ಕೂಗುವವರಿಗೆ ಏನು ಕೂಗಬೇಕು ಅಂತ ತಿಳಿಯಲಿಲ್ಲ. ಫೈನಲ್ಲು ಮಲ್ಲೇಶ್ವರದವರ ಮೇಲೇ ಬಂತು. ಆ ದಿನ ಯಜಮಾನರು ನನ್ನನ್ನೂ ಬಾ ಅಂದರು. ಜಟಕಾದಲ್ಲಿ ಒಂದು ಬೆಲ್ಲದ ಚೀಲ ಇತ್ತು. "ಮತ್ತೆ ಮಣ್ಣಾ ಬುದ್ಧಿ?" ಅಂದೆ. "ಸುಮ್ನೆ ಕೂತ್ಕೋ," ಅಂದರು.

ಆಟಕ್ಕೆ ಮೊದಲು ಶೀನಣ್ಣ ನನ್ನ ಕಡೆ ನೋಡಿದ. ನಾನು ಎಲ್ಲರೂ ನೋಡುತ್ತಿದ್ದಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾದಕ್ಕೆ ಪಾದ ಕೂಡಿಸಿ ಗೆರೆಯವರೆಗೆ ನಡೆದೆ.

"ಎಷ್ಟಕ್ಕ?"

"ಐವತ್ತಮೂರೂವರೆ."

ತಲೆ ಆಡಿಸಿ ಒಳಗೆ ಹೋದ.

ಮೊದಲ ಗೇಮು ಅವರದು, ಎರಡನೆಯದು ನಮ್ಮದು. ಶೀನಣ್ಣನ ಚೆಂಡು ಗೆರೆಯ ಒಳಮಗ್ಗುಲಲ್ಲಿ ಬಿದ್ದಾಗ ಸುಣ್ಣದ ಪುಡಿ ಹಾರುತ್ತಿತ್ತು. ಇಡೀ ಆಟದಲ್ಲಿ ಅವನದು ಎರಡೇ ಎರಡು ಔಟ್. ನಾನು ಬೆರಳು ಮಡಿಸಿಕೊಂಡು ಎಣಿಸಿದ್ದೇನೆ. ಮೂರನೇ ಗೇಮು ಕೊನೆಯವರೆಗೂ ಸರಿಸಮ ಬಂತು. ಮಲ್ಲೇಶ್ವರದವರಲ್ಲಿ ಒಬ್ಬ ಎಡಗೈ ಹುಡುಗ ಇದ್ದ. ಎಲ್ಲರೂ ಹಿಂದೆ ಹೊಡೆಯುತ್ತಾನೆ ಅಂದುಕೊಂಡಾಗ ಚೆಂಡನ್ನು ನೆಟ್ಟಿನ ಪಕ್ಕ ಹೂವಿನ ಹಾಗೆ ಇಟ್ಟ. ಮುನಿಸ್ವಾಮಿ ಮುಗ್ಗರಿಸಿ ಮುಂದೆ ಬಿದ್ದ, ಬ್ಯಾಟು ಮುಟ್ಟಿತು, ಚೆಂಡು ಏಳಲಿಲ್ಲ. ಮುಗಿಯಿತು. ಎರಡು ಪಾಯಿಂಟಲ್ಲಿ ಸೋತೆವು.

"ಮೊಣಕಾಲು ಕಿತ್ತೋಯ್ತು," ಅಂತ ಮುನಿಸ್ವಾಮಿ ಬಿದ್ದಲ್ಲೇ ಹೇಳಿದ. ಶೀನಣ್ಣ ಅವನನ್ನು ಎಬ್ಬಿಸಿ, ಎಡಗೈ ಹುಡುಗನ ಹತ್ತಿರ ಹೋಗಿ ಬೆನ್ನು ತಟ್ಟಿದ. "ಇವ್ನು ಚೆನ್ನಾಗಾಡ್ದ. ಅಷ್ಟೇ," ಅಂತ ನಮಗೆ ಹೇಳಿದ. ಆರು ವರ್ಷದಲ್ಲಿ ಮೊದಲ ಸಲ ಸೋಲಿಗೆ ಕಾರಣ ಹೇಳುವಾಗ ಅವನ ತಲೆ ಬಾಗಿರಲಿಲ್ಲ.

ಆಗ ಯಜಮಾನರು ಬೆಲ್ಲದ ಚೀಲ ಬಿಚ್ಚಿದರು. ಒಳಗೆ ಆ ಕಪ್ಪು ಇತ್ತು, ಬೆಳಗಿನ ಹೂ ಇನ್ನೂ ಅಂಟಿಕೊಂಡಿತ್ತು. ಮಲ್ಲೇಶ್ವರದ ಕ್ಲಬ್ಬಿನ ಹಿರಿಯರ ಕೈಗೆ ಕೊಟ್ಟು, "ಇದು ನಿಮ್ದು. ನಮ್ಮ ಕೋರ್ಟು ಉದ್ದ ಇತ್ತು. ನಮಗೆ ಈಗ ತಿಳೀತು," ಅಂದರು. ಅವರು ಬೇಡ ಬೇಡ ಅಂದರು, ನಕ್ಕರು, ಹಳೇದೆಲ್ಲ ಯಾಕೆ ಅಂದರು. ಯಜಮಾನರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ಟರು, ವಾಪಸ್ಸು ತೆಗೆದುಕೊಳ್ಳಲಿಲ್ಲ. ಯಾರ ತಪ್ಪು ಅಂತ ಹೇಳಲಿಲ್ಲ. ನಾನು ಹತ್ತು ಅಡಿ ದೂರದಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ಪಾತ್ರೆ, ಚಾಪೆ, ಮಗಳ ಬಟ್ಟೆ ಗಂಟು ಕಟ್ಟಿಟ್ಟೆ. ಸೋತರೆ ನೆಟ್ ಬಿಚ್ಚಬೇಕು ಅಂತ ಮಾತಾಗಿತ್ತು. ನೆಟ್ಟನ್ನೂ ಬಿಚ್ಚಿ ಮಡಿಸಿಟ್ಟೆ. ಕೋರ್ಟನ್ನು ಮಾತ್ರ ಗುಡಿಸಿದೆ. ಗೋಡೌನ್ ಕಟ್ಟುವ ಜಾಗವೇ ಆಗಲಿ, ಕಸ ಇಟ್ಟು ಹೋಗುವುದು ನನಗೆ ಬರುವುದಿಲ್ಲ.

ಯಜಮಾನರು ಪೂಜೆ ಮುಗಿಸಿ ದಿನದ ಹೊತ್ತಿಗೇ ಬಂದರು. ಗಂಟು ನೋಡಿದರು, ನೆಟ್ಟಿಲ್ಲದ ಕಂಬ ನೋಡಿದರು.

"ನೆಟ್ ಯಾಕೆ ಬಿಚ್ಚಿದ್ಯಾ?"

"ನೀವೇ ಹೇಳಿದ್ರಲ್ಲ ಬುದ್ಧಿ, ಸೋತ್ರೆ ಬಿಚ್ಚಿ ಅಂತ."

"ನಾನು ಹೇಳಿದ್ದು ಹಳೇ ಕೋರ್ಟಿಗೆ." ಕೋಲಿನಿಂದ ಮೂಲೆಯ ಕಲ್ಲು ಕುಟ್ಟಿ ನೋಡಿದರು. "ಈ ಕೋರ್ಟಲ್ಲಿ ಆಡಕ್ಕೆ ಶುರು ಮಾಡಿ ಮೂರು ವಾರ ಆಯ್ತು ಅಷ್ಟೇ. ನೆಟ್ ಕಟ್ಟು. ಆ ಕಪ್ಪು ವಾಪಸ್ ತರ್ಬೇಕು."

ತಂದೆವು. ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಶೀನಣ್ಣನಿಗೆ ಭುಜ ಹಿಡಿದುಕೊಂಡು ಅವನು ಆಡುವುದನ್ನು ಬಿಟ್ಟಿದ್ದ. ಹೊಸಬರಿಗೆ ಗೋಣಿತಾಟಿನ ಮೇಲೆ ಹೊಡೆಯುವುದನ್ನು ಕಲಿಸಿದವನು ಅವನೇ. ಆಟ ಬಿಟ್ಟರೂ ಯಜಮಾನರು ಅವನ ಕೈಯಿಂದ ತಕ್ಕಡಿ ಕಿತ್ತುಕೊಳ್ಳಲಿಲ್ಲ. ರಾಜ್ಯದ ಟೀಮಿಗೆ ಅವನನ್ನು ಮತ್ತೆ ಕರೆಯಲಿಲ್ಲ. ಅದನ್ನು ನನ್ನಿಂದ ಸರಿ ಮಾಡಲಾಗಲಿಲ್ಲ, ಇಲ್ಲಿ ಬರೆದದ್ದರಿಂದಲೂ ಅದು ಸರಿಯಾಗುವುದಿಲ್ಲ. ನೀವು ಕೆಲಸಕ್ಕೆ ಸೇರಿದ ದಿನವೇ ಹೋಗಿ ಪಕ್ಕದ ಊರಿನ ಕೋರ್ಟನ್ನೂ ಅಳೆದು ಬನ್ನಿ. ನಾಚಿಕೆ ಪಡಬೇಡಿ.

ಹಗ್ಗವನ್ನು ಏನು ಮಾಡಿದೆ ಅಂತ ಮೊಮ್ಮಗಳು ಕೇಳಿದಳು. ಆಯುಧಪೂಜೆಗೆ ಯಜಮಾನರು ಅದನ್ನು ಹುಡುಕಿದರು. ಬಾವಿಗೆ ಕಟ್ಟಿದ್ದೇನೆ ಅಂದೆ. ಒಂಬತ್ತು ವರ್ಷ ಕೋರ್ಟಿಗೆ ಹಾಕುವ ನೀರನ್ನು ಅದರಲ್ಲೇ ಸೇದಿದೆ. ಒಳ್ಳೇ ಗಟ್ಟಿ ಹಗ್ಗ.